ಎಡಪಕ್ಕೆಯಲ್ಲಿ ಉಳಿದದ್ದು

ಬೆಳಗಾವಿಯಿಂದ ಖಾನಾಪುರ ಹಾಯ್ದು ನಂದಗಡಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಪ್ರಮಿಳಾಳ ದನಿ ಕೇಳದವರು ಕಡಿಮೆ. ‘ಒಳಗ ಸರೀರಿ’ ಎಂದು ಕನ್ನಡದಲ್ಲಿ, ಅದೇ ಉಸಿರಿಗೆ ‘ಪುಢೆ ಚಲಾ’ ಎಂದು ಮರಾಠಿಯಲ್ಲಿ ಕೂಗಿ, ತುಂಬಿದ ಬಸ್ಸಿನಲ್ಲೂ ಇನ್ನಷ್ಟು ಜನಕ್ಕೆ ಜಾಗ ಮಾಡಿಸುವವಳು ಅವಳು.

ಆ ದನಿ ಒಮ್ಮೆ ಕೆಟ್ಟೇಹೋಗಿತ್ತು. ಉಂಡದ್ದೆಲ್ಲ ಹುಳಿಯಾಗಿ ಗಂಟಲಿಗೆ ಬರುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಬೇಕು. ಗುಳಿಗೆ ನುಂಗಿ ಬೇಸತ್ತವಳು, ಜಠರದ ಮೇಲ್ತುದಿಯನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿಯುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ ಅತ್ತೆ ಸಾತವ್ವ ಹೌಹಾರಿದಳು.

“ಹುಳಿತೇಗಿಗೆ ಯಾರರ ಹೊಟ್ಟಿ ಕೊಯ್ಸಿಕೋತಾರೇನ?”

ಪ್ರಮಿಳಾ ಹಟ ಹಿಡಿದು ಮಾಡಿಸಿಕೊಂಡೇ ಬಿಟ್ಟಳು. ಗಂಜಿ ಕುಡಿದುಕೊಂಡಿದ್ದ ದಿನಗಳು ಕಳೆದ ಮೇಲೆ ದನಿ ಮರಳಿತು. ಅಂಗಾತ ಮಲಗಿ ಬೆಳಗಿನವರೆಗೆ ನಿದ್ದೆ ಹೋದಳು. ಕೆಂಪು ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ, “ನೋಡ್ರಿ ಅತ್ತಿ” ಎಂದು ಗೆದ್ದವಳಂತೆ ನಕ್ಕಳು.

ವರ್ಷಗಳು ಉರುಳಿದವು. ಒಂದು ದಿನ ಮೇಲಿನ ಕಂಬಿಗೆ ಕೈ ಚಾಚಿದಾಗ ಎಡಪಕ್ಕೆಯ ಕೆಳಗೆ ಯಾರೋ ಬೆರಳು ಕೊಕ್ಕೆ ಮಾಡಿ ಎಲುಬನ್ನು ಎಳೆದಂತಾಯಿತು. ವಾಯುವಿರಬೇಕು ಎಂದುಕೊಂಡಳು. ಟಿಕೆಟ್ ಚೀಲವನ್ನು ಎಡ ಹೆಗಲಿನಿಂದ ಬಲಕ್ಕೆ ಬದಲಿಸಿದಳು. ರಾತ್ರಿಯೂಟ ಬಿಟ್ಟು ನೋಡಿದಳು. ನೋವು ತನಗೆ ಬೇಕಾದಾಗ ಬರುತ್ತಿತ್ತು, ಬೇಕಾದಾಗ ಹೋಗುತ್ತಿತ್ತು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅತ್ತೆ ‘ನಾ ಹೇಳಿರಲಿಲ್ಲೇನ’ ಅನ್ನುತ್ತಾಳೆ. ಅದಕ್ಕಿಂತ ಒಳಗಿನ ಹೊಲಿಗೆ ಬಿಚ್ಚಿದ್ದರೆ, ಆ ಹುಳಿ ಮತ್ತೆ ಬಂದರೆ ಎಂಬ ಹೆದರಿಕೆಯೇ ದೊಡ್ಡದಿತ್ತು.

ಸಂತೆಯ ದಿನ ನಂದಗಡದ ತಿರುವಿನಲ್ಲಿ ಜನ ಒತ್ತಿ ಬಂದು ಅವಳ ಪಕ್ಕೆ ಸೀಟಿನ ಕಂಬಿಗೆ ತಾಗಿತು. ಕಣ್ಣು ಕತ್ತಲಾಯಿತು. ಡ್ರೈವರ್ ನಾಗಲಿಂಗ ಕನ್ನಡಿಯಲ್ಲಿ ನೋಡಿ ಬಸ್ ನಿಲ್ಲಿಸಿದ.

“ಏನಾತ್ರಿ ಅಕ್ಕಾ?”

“ಏನಿಲ್ಲ, ಹೋಗೂಣು ನಡಿ.”

“ನೀವು ಹೇಳೂತನಾ ಗಾಡಿ ಬಿಡಂಗಿಲ್ಲ.”

ಹೊತ್ತಾಯಿತೆಂದು ಜನ ಗೊಣಗತೊಡಗಿದರು. ವಿಧಿಯಿಲ್ಲದೆ ಪ್ರಮಿಳಾ ಪಕ್ಕೆನೋವಿನ ಸಂಗತಿಯನ್ನು ಎಲ್ಲರೆದುರೇ ಹೇಳಿದಳು. ಬಸ್ಸಿನಲ್ಲಿ ಅವಳದೇ ಓಣಿಯ ಮಾಯಕ್ಕ ಇದ್ದಳು. ಹಾಗಾಗಿ ಪ್ರಮಿಳಾ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಸಾತವ್ವ ಹಳೆಯ ಮಾತೆತ್ತಲಿಲ್ಲ. “ನಾಳಿಗಿ ರಜಾ ಹಾಕು. ನಾನೂ ಬರ್ತೀನಿ” ಎಂದಳು.

ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಕೆ ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿದರು. ಹೊಲಿಗೆ ಗಟ್ಟಿಯಾಗಿಯೇ ಇತ್ತು. “ಎಲ್ಲಾ ನಾರ್ಮಲ್ ಅದ. ಟೆನ್ಶನ್ ಕಡಿಮಿ ಮಾಡ್ರಿ” ಎಂದರೊಬ್ಬ ಡಾಕ್ಟರು. ಹೊಲಿಗೆ ಉಳಿದದ್ದಕ್ಕೆ ಖುಷಿಪಡಬೇಕಾದವಳು, ಸುಳ್ಳುಗಾರ್ತಿ ಅನ್ನಿಸಿಕೊಂಡವಳಂತೆ ಹೊರಬಂದಳು.

ಸಾತವ್ವ ಬಿಡಲಿಲ್ಲ. ಯಾರನ್ನೋ ಕೇಳಿಕೊಂಡು ಬೆಳಗಾವಿಯ ಸದಾಶಿವನಗರದ ಇನ್ನೊಬ್ಬ ಡಾಕ್ಟರು, ತ್ರಿಶಲಾ ಎಂಬವರಲ್ಲಿಗೆ ಕರೆದೊಯ್ದಳು. ಆಕೆ ಪ್ರಮಿಳಾಳನ್ನು ಮಲಗಿಸಿ, ನೋವಿನ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಹೇಳಿದರು. ಆಮೇಲೆ ಹೊಟ್ಟೆ ಬಿಗಿಯಾಗುವಂತೆ ತಲೆ ಎತ್ತಿಸಿ ಅಲ್ಲೇ ಒತ್ತಿದರು. ಪ್ರಮಿಳಾ ಚೀರಿದಳು.

“ಇದು ಹೊಟ್ಟಿ ಒಳಗಿಂದಲ್ಲ ಅನಸ್ತದ, ಮ್ಯಾಲಿನ ಪದರಿಂದು. ನರ ಸಿಕ್ಕೊಂಡಿರಬಹುದು. ಆಪರೇಷನ್ನಿನಿಂದನ ಆತೋ, ಬ್ಯಾರೆ ಕಾರಣ ಐತೋ, ನನಗ ಖಾತ್ರಿಲೆ ಹೇಳಾಕ ಬರಂಗಿಲ್ಲ. ಆದ್ರ ನೋವು ಖರೇ ಐತಿ.”

ಆ ಕೊನೆಯ ಮಾತಿಗೆ ಪ್ರಮಿಳಾಳ ಕಣ್ಣು ತುಂಬಿತು.

“ಆಪರೇಷನ್ ಮಾಡ್ಸಿದ್ದ ತಪ್ಪಾತೇನ್ರಿ?” ಸಾತವ್ವ ಕೇಳಿದಳು.

ಡಾಕ್ಟರು ಪ್ರಮಿಳಾಳತ್ತ ತಿರುಗಿದರು. “ನೀವ ಹೇಳ್ರಿ.”

ಪ್ರಮಿಳಾ ಈಗಿನ ನೋವನ್ನೂ ಆಗ ಕೂತು ಕಳೆದ ರಾತ್ರಿಗಳನ್ನೂ ಮೊದಲ ಸಲ ಒಟ್ಟಿಗೆ ನೆನೆದಳು.

“ಇಲ್ರಿ. ಇದ ಆಗತೈತಂತ ಗೊತ್ತಿದ್ರೂ ಮಾಡಸ್ಕೋತಿದ್ದೆ.”

ಪಕ್ಕೆಗೆ ಕೊಟ್ಟ ಇಂಜೆಕ್ಷನ್ ಕೆಲವು ವಾರ ಆರಾಮ ತಂದಿತು. ಆಮೇಲೆ ನೋವು ಮರಳಿತು, ಮೊದಲಿನಷ್ಟು ಜೋರಿಲ್ಲ. ಈಗಲೂ ಕೆಲವು ದಿನ ಬರುತ್ತದೆ. ಅಂಥ ದಿನ ಅವಳು ಕಂಡಕ್ಟರ್ ಸೀಟಿನಲ್ಲಿ ಕೂತವರಿಗೆ, “ಏಳ್ರಿ, ನನಗ ಪಕ್ಕಿ ನೂಸಾಕತ್ತೈತಿ” ಎಂದು ನೇರವಾಗಿ ಹೇಳುತ್ತಾಳೆ. ಕೂತಲ್ಲಿಂದಲೇ ಟಿಕೆಟ್ ಕೊಡುತ್ತಾಳೆ. ಮರಳುವ ದಾರಿಯಲ್ಲಿ ದೇಸೂರು ಬರುವಷ್ಟರಲ್ಲಿ ನೋವು ಸಡಿಲಾದರೆ ಎದ್ದು ನಿಲ್ಲುತ್ತಾಳೆ, ಆಗದಿದ್ದರೆ ಬೆಳಗಾವಿಯವರೆಗೂ ಕೂತೇ ಬರುತ್ತಾಳೆ.