ಸೀಸೆ ತುಂಬಿಕೊಟ್ಟ ಕಂಪೌಂಡರ್

ನಿಜಾಮರ ಕಾಲದಲ್ಲಿ ನಾವು ಲಿಂಗಸುಗೂರಿನಲ್ಲಿ ಓದುವಾಗ ದವಾಖಾನೆಯ ಕಂಪೌಂಡರ್ ಪ್ರತಿ ಗುರುವಾರ ಶಾಲೆಗೆ ಬಂದು ಆರೋಗ್ಯದ ಪಾಠ ಹೇಳುತ್ತಿದ್ದರು. ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಬಾಯಾಗ ಹಾಕೊಳ್ಳೂ ಮೊದಲ ಅದರಾಗ ಏನೈತಿ ಅಂತ ಕೇಳ್ರಿ" ಎಂದೇ ಶುರುಮಾಡುವರು. ಗಾಂಜಾ, ಅಫೀಮು, ಸೇಂದಿ ದೇಹಕ್ಕೆ ಏನು ಮಾಡುತ್ತವೆಂದು ಯಾರನ್ನೂ ಬಯ್ಯದೆ ತಿಳಿಸುವರು.

ಒಮ್ಮೆ ಮೆಟ್ರಿಕ್ ತರಗತಿಯ ಮಸ್ಕಿಯ ಹುಡುಗ ಅವರ ಪಾಠದಲ್ಲೇ ತೂಕಡಿಸಿ ಬಿದ್ದ. ಅವನ ಚೀಲದಲ್ಲಿ ಅಫೀಮಿನ ವಾಸನೆಯ ಸೀಸೆ ಸಿಕ್ಕಿತು. ಪರೀಕ್ಷೆಗೆ ಒಂದು ತಿಂಗಳಿತ್ತು. ಶಾಲೆಯಿಂದ ಅವನ ಹೆಸರು ಹೊಡೆದುಹಾಕಲು ಹೆಡ್‌ಮಾಸ್ತರರು ಹಾಜರಿ ಪುಸ್ತಕ ತರಿಸಿದರು.

ಕಂಪೌಂಡರ್ ಸೀಸೆ ಮೂಸಿದರು. "ಇದು ನಮ್ಮ ದವಾಖಾನ್ಯಾಗ ಭೇದಿಗೆ ಕೊಡೂ ಅಫೀಮಿನ ಔಷಧರೀ. ಹೊಟ್ಟಿ ಜಾಡಿಸತೈತಿ ಅಂತ ವಾರಾ ವಾರಾ ಬಂದ. ಇನ್ನೂ ನಿಂತಿಲ್ಲೇನು ಅಂತ ಒಂದ್ಸಲಾನೂ ಕೇಳಲಾರದ ನಾ ತುಂಬಿ ತುಂಬಿ ಕೊಟ್ಟೆ. ಹೆಸರು ಹೊಡಿಯೂದಾದ್ರ ನಂದು ಹೊಡೀರಿ."

"ನಿಮ್ಮ ಹೆಸರು ನಮ್ಮ ಹಾಜರಿಯಾಗ ಇಲ್ಲಲ್ರೀ" ಎಂದು ಹೆಡ್‌ಮಾಸ್ತರರು ಪುಸ್ತಕ ಮುಚ್ಚಿದರು.

ಮರುದಿನದಿಂದ ಕಂಪೌಂಡರ್ ಮೊದಲ ಗಂಟೆಗೆ ಮುಂಚೆ ಶಾಲೆಯ ಕಟ್ಟೆಯ ಮೇಲೆ ಆ ಹುಡುಗನನ್ನು ಕೂರಿಸಿ, ಚಮಚೆಯಲ್ಲಿ ತಾವೇ ಔಷಧ ಕುಡಿಸತೊಡಗಿದರು. ಅದರಲ್ಲಿ ಅಫೀಮನ್ನು ದಿನಕ್ಕಿಷ್ಟು ತಗ್ಗಿಸುತ್ತಿದ್ದರು. ಹುಡುಗ ಮೊದಮೊದಲು ಬೆವತ, ಬಯ್ದ, ಇನ್ನೊಂದು ಚಮಚೆಗಾಗಿ ಅತ್ತ. ಪರೀಕ್ಷೆಯ ದಿನ ಬೆಳಿಗ್ಗೆಯೂ ಬಂದು ಬಾಯಿ ತೆರೆದ.

"ಇನ್ನ ಬರಬ್ಯಾಡಪಾ" ಎಂದರು ಕಂಪೌಂಡರ್. "ನಾಕು ದಿನ ಆತು, ನೀ ಬರೇ ಬೇವಿನ ಕಷಾಯ ಕುಡಿಯಾಕತ್ತೀದಿ."