ಮೋಟಾರಿನ ಎಣ್ಣೆ ತೆಗೆದ ಮುಂಜಾನೆ

ನಿಜಾಮರ ಆಳ್ವಿಕೆಯ ಕಾಲ. ಕಲಬುರ್ಗಿಯ ಶಹಾಬಜಾರದ ನಮ್ಮ ಓಣಿಯಲ್ಲಿ ಮೋಟಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನನ್ನ ಗಂಡ ವಕೀಲರು. ಹಳೆಯ ಮೋಟಾರೊಂದನ್ನು ಕೊಂಡು, ಡ್ರೈವರನಿಂದ ಆಗಷ್ಟೇ ನಡೆಸಲು ಕಲಿತಿದ್ದರು.

ಒಂದು ಮುಂಜಾನೆ ಕಮಲಾಪುರದಿಂದ ನನ್ನ ತವರಿನ ಆಳು ಬಂದ. ಹೆರಿಗೆಗೆಂದು ಅಲ್ಲಿಗೆ ಹೋಗಿದ್ದ ನನ್ನ ತಂಗಿಗೆ ದಿನ ತುಂಬಿದ್ದವು. "ಕಾಲು, ಮಾರಿ ಎಲ್ಲಾ ಬಾತಾವ್ರಿ ಅಕ್ಕಾರ. ಸೂಲಗಿತ್ತಿ ತನ್ನ ಕೈಲಿ ಆಗಂಗಿಲ್ಲ, ದವಾಖಾನಿಗೆ ಒಯ್ರಿ ಅಂದಾಳ" ಎಂದ. ಹಿಂದಿನ ವರ್ಷ ಬಸುರಿನಲ್ಲಿ ಇಂಥದೇ ಬಾವು ಬಂದು ನಮ್ಮ ಚಿಕ್ಕಮ್ಮ ತೀರಿಕೊಂಡಿದ್ದಳು.

ಡ್ರೈವರ್ ಮದುವೆಗೆಂದು ಊರಿಗೆ ಹೋಗಿದ್ದ. "ನಾನೇ ಕರಕೊಂಡು ಬರ್ತೀನಿ, ನೀನೂ ನಡಿ" ಎಂದ ಗಂಡ, ದೂರದ ದಾರಿಯೆಂದು ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಇಂಜಿನ್ನಿಗೆ ಸುರಿದು ಹ್ಯಾಂಡಲ್ ತಿರುವಿದರು. ಮೋಟಾರು ಶುರುವಾದದ್ದೇ ತಡ, ನೀಲಿ ಹೊಗೆ ಅಂಗಳವನ್ನೆಲ್ಲ ಮುಚ್ಚಿತು. ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತು ದಾಟಿ ಎಷ್ಟೋ ಮೇಲಿತ್ತು.

"ಡ್ರೈವರ್ ಹೋಗೂಮುಂದ ಹಾಕಿ ಹೋಗ್ಯಾನ. ನನಗ ಗೊತ್ತಿರಲಿಲ್ಲ," ಎಂದರು. "ಹಿಂಗೇ ಹೋದ್ರ ದಾರ್ಯಾಗ ನಿಂತುಬಿಡ್ತದ. ತೆಗೀಬೇಕು."

ನಡುದಾರಿಯಲ್ಲಿ ನಿಂತ ಮೋಟಾರು, ಅದರೊಳಗೆ ನೋವು ತಿನ್ನುವ ತಂಗಿ. ಅದೇ ಕಣ್ಣ ಮುಂದೆ ಬಂತು.

ಎಣ್ಣೆ ಹೊರಬಿಡುವ ಕೆಳಗಿನ ತಿರುಪು ಬಿಚ್ಚಲು ಅವರು ಮೋಟಾರಿನ ಅಡಿಗೆ ತೆವಳಿದರು. ನಮ್ಮ ಅಂಗಳ ಬಾಗಿಲಿನ ಕಡೆಗೆ ಇಳಿಜಾರು. ಗಾಲಿಗೆ ಆನಿಸಿದ್ದು ಒಂದೇ ಇಟ್ಟಿಗೆ. ಅವರು ತಿರುಪಿಗೆ ಪಾನಾ ಹಾಕಿ ಜಗ್ಗಿದಾಗ ಇಟ್ಟಿಗೆ ಪುಡಿಯಾಯಿತು, ಗಾಲಿ ತುಸುವೇ ಉರುಳಿತು. ಪಡಸಾಲೆಯಲ್ಲಿದ್ದ ರುಬ್ಬುಗುಂಡನ್ನು ಹೇಗೆ ಎತ್ತಿದೆನೋ, ತಂದು ಗಾಲಿಗೆ ಅಡ್ಡ ಕೊಟ್ಟೆ.

"ಹೊರಗ ಬರ್ರಿ. ಮೊದಲ ಹೊರಗ ಬರ್ರಿ."

ಬಂದರು. ಅಂಗಿಯ ತೋಳು ಗಾಲಿಯಡಿ ಸಿಕ್ಕು ಹರಿದಿತ್ತು.

"ತಿರುಪು ಅಲುಗವಲ್ದು," ಎಂದರು.

"ಮ್ಯಾಲಿಂದ ಹಾಕಿದ್ದಲ್ಲೇನ್ರಿ? ಮ್ಯಾಲಿಂದನ ತೆಗೀರಿ," ಎಂದು ಹೋಳಿಯ ಹಿತ್ತಾಳೆ ಪಿಚಕಾರಿ ತಂದುಕೊಟ್ಟೆ.

ಗಾಲಿಗೆ ಗಾಳಿ ತುಂಬುವ ಪಂಪಿನ ರಬ್ಬರ್ ನಳಿಗೆಯನ್ನು ಪಿಚಕಾರಿಯ ಮೂತಿಗೆ ಬಿಗಿದು, ಕಡ್ಡಿಯ ತೂತಿನಲ್ಲಿ ಇಳಿಬಿಟ್ಟರು. ಮೊದಲು ಬರೀ ಗಾಳಿ ಬಂತು. ನಳಿಗೆ ಕೂಡಿದಲ್ಲಿ ದಾರ ಸುತ್ತಿ ಮತ್ತೆ ಎಳೆದಾಗ ಎಣ್ಣೆ ಏರಿತು. ಅವರು ಎಳೆದು ಬಕೀಟಿಗೆ ಬಿಡುವುದು, ನಾನು ಕಡ್ಡಿ ಒರೆಸಿ, ಅದ್ದಿ, ಎತ್ತಿ ನೋಡುವುದು. ಹೆಚ್ಚು ತೆಗೆದರೂ ಇಂಜಿನ್ನು ಸುಟ್ಟೀತು ಎಂದಿದ್ದರು. ಪ್ರತಿ ಸಲವೂ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಂತೂ ಎಣ್ಣೆ ಗುರುತಿಗೆ ಇಳಿಯಿತು.

ಊರು ದಾಟುವವರೆಗೂ ಹೊಗೆ ಬಂತು, ಆಮೇಲೆ ತೆಳುವಾಯಿತು. ನಾನು ಹಿಂದಕ್ಕೆ ನೋಡುವುದನ್ನು ಮಾತ್ರ ಬಿಡಲಿಲ್ಲ.

ಕಮಲಾಪುರದಲ್ಲಿ ತಂಗಿ ನನ್ನನ್ನು ಗುರುತು ಹಿಡಿದದ್ದು ದನಿಯಿಂದ. ಕಣ್ಣು ಮಂಜಾಗಿದ್ದವು. ಮರಳುವ ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮೈ ಸೆಟೆದಾಗಲೆಲ್ಲ ಉಸಿರು ಇದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತಿದ್ದೆ. ಮೋಟಾರು ಎಲ್ಲಿಯೂ ನಿಲ್ಲಲಿಲ್ಲ.

ಸಂಜೆ ದವಾಖಾನೆಯಲ್ಲಿ ಹೆಣ್ಣುಮಗು ಹುಟ್ಟಿತು. ತಂಗಿ ಉಳಿದಳು, ಕಣ್ಣು ತಿಳಿಯಾಗಲು ಮಾತ್ರ ಕೆಲವು ದಿನ ಹಿಡಿಯಿತು. ಅಲ್ಲಿಯವರೆಗೆ, "ಅಕ್ಕಾ, ಕೂಸು ಯಾರ್ಹಂಗ ಅದ?" ಎಂದು ನನ್ನನ್ನೇ ಕೇಳುತ್ತಿದ್ದಳು.