ಕೊಬ್ಬರಿ ಚೀಲದ ಮೇಲೆ ಕರಿಯನ ಗಂಡಸ್ತನ

ಕೇಳ್ರಪ್ಪಾ, ಇವತ್ತು ಬೆಳಿಗ್ಗೆ ನಮ್ಮ ಮನೆಗೆ ಕೊಬ್ಬರಿ ನೋಡಲು ಬಂದ ವ್ಯಾಪಾರಿ, ಚೀಲಕ್ಕೆ ಮೂಗಿಟ್ಟವರು ಹಾಗೆಯೇ ಹಿಂದಕ್ಕೆ ಹಾರಿದರು. "ಏನ್ ಯಜಮಾನ್ರೇ, ಬೆಕ್ಕಿನುಚ್ಚೆ ನಾತ! ಇದನ್ನ ಯಾರ್ ತಗೋತಾರೆ?" ಎಂದು ಮಾವನಿಗೆ ಹೇಳಿ ಗಾಡಿ ಹತ್ತಿ ಹೊರಟೇ ಹೋದರು. ಇಲಿ ಹಿಡಿಯಲಿ ಎಂದು ಸಾಕಿದ ನಮ್ಮ ಗಂಡು ಬೆಕ್ಕು ಕರಿಯ, ಒಂದು ತಿಂಗಳಿಂದ ಚೀಲಚೀಲಕ್ಕೂ ತನ್ನ ಗುರುತು ಹಾಕುತ್ತಿದ್ದಾನೆ.

"ಮಾವ, ನಾಳೆ ಇವನನ್ನ ತಿಪಟೂರು ದನದ ಆಸ್ಪತ್ರೆಗೆ ಕರ್ಕೊಂಡೋಗಿ ಬೀಜದ ಆಪರೇಷನ್ ಮಾಡಿಸ್ಕೊಂಡ್ ಬತ್ತೀನಿ, ಈ ಉಚ್ಚೆ ಹುಯ್ಯೋ ಚಾಳಿ ನಿಲ್ತದೆ" ಅಂದೆ.

ಮಾವ ತಮಗೇ ಕತ್ತರಿ ಹಿಡಿದಂತೆ ಬೆಚ್ಚಿದರು. "ಏನಮ್ಮಾ ನೀನು! ಗಂಡು ಪ್ರಾಣಿ ಕಣಮ್ಮಾ. ಅದನ್ನ ತೆಗೆಸಿದ್ರೆ ಇಲಿ ಹಿಡಿಯೋ ಗತ್ತು ಎಲ್ಲುಳೀತದೆ? ಪಾಪ ಬತ್ತದೆ, ಬುಡು."

"ಗಂಡು ಅಂದ್ಮೇಲೆ ಹಂಗೇ ಕಣೇ" ಎಂದು ನನ್ನ ಗಂಡನೂ ದನಿಗೂಡಿಸಿದರು.

ಗತ್ತಂತೆ! ಕರಿಯ ಇಲಿ ಹಿಡಿದದ್ದನ್ನು ಕಣ್ಣಾರೆ ಕಂಡವರು ಈ ಮನೆಯಲ್ಲಿ ಒಬ್ಬರೂ ಇಲ್ಲ. ನಾನು ಕೊಟ್ಟಿಗೆಯ ಕಡೆ ಕೈ ತೋರಿಸಿ, "ನಮ್ಮ ಜೋಡೆತ್ತಿಗೆ ಬೀಜ ಒಡೆಸ್ದಾಗ ಪಾಪ ಬರ್ಲಿಲ್ವಾ ಮಾವ?" ಎಂದು ಕೇಳಿದೆ.

"ಎತ್ತು ಗೇಯ್ಬೇಕಲ್ಲಮ್ಮಾ!" ಎಂದರು, ಒಂದಿಷ್ಟೂ ತಡವರಿಸದೆ.

ನ್ಯಾಯ ಇಷ್ಟೇ ಕಣ್ರೀ. ದುಡಿಯುವವನದ್ದು ಹೋಗಬೇಕು, ಉಚ್ಚೆ ಹೊಯ್ದು ಮಲಗುವವನದ್ದು ಉಳಿಯಬೇಕು.

ಈಗ ಉರಿಬಿಸಿಲಲ್ಲಿ ಚೀಲಗಳನ್ನೆಲ್ಲ ಬಿಚ್ಚಿ, ಅಂಗಳದ ತುಂಬ ಕೊಬ್ಬರಿ ಹರವಿ ಕಾಯುತ್ತ ಕೂತಿದ್ದೇನೆ. ಒಳಗೆ ಮನೆಯ ಗಂಡಸರು ಮೂವರೂ ಉಂಡು ಮಲಗಿದ್ದಾರೆ. ಇಣುಕಿ ನೋಡಿದೆ. ಒಬ್ಬನಿಗೆ ಬಾಲವಿದೆ ಅನ್ನುವುದು ಬಿಟ್ಟರೆ ಬೇರೆ ವ್ಯತ್ಯಾಸ ಕಾಣಲಿಲ್ಲ.